ಎಳೆಯೋದಾ, ಬಿಟ್ಟು ಹೋಗೋದಾ? ಊಡ್ನಡಾಟ ಮಣ್ಣು ರಸ್ತೆಯಲ್ಲಿ ಕ್ಯಾರವಾನ್

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಮ್ಮವರು ಯಾರಾದರೂ ಕ್ಯಾರವಾನ್ (ಕಾರಿನ ಹಿಂದೆ ಎಳೆದುಕೊಂಡು ಹೋಗುವ ಗಾಲಿ ಮನೆ, ಬಾಯಿಮಾತಿನಲ್ಲಿ ಬರೀ ವ್ಯಾನ್) ಕೊಂಡರೆ ಸ್ವಲ್ಪ ದಿನಕ್ಕೇ ಈ ಪ್ರಶ್ನೆ ಬಂದೇ ಬರುತ್ತದೆ. "ಇದನ್ನ ಮಣ್ಣು ರಸ್ತೆಗೆ ಒಯ್ಯಬಹುದಾ?" ಮಾರುವವರನ್ನು ಕೇಳಿದರೆ ಮಣ್ಣು ರಸ್ತೆಗೆ ಅಂತಲೇ ಗಟ್ಟಿಯಾಗಿ ಮಾಡಿದ ಆಫ್‌ರೋಡ್ ಮಾಡೆಲ್ ತಗೊಳ್ಳಿ ಅನ್ನುತ್ತಾರೆ. ಪಕ್ಕದ ಮನೆಯ ರಿಟೈರ್ಡ್ ತಾತನನ್ನು ಕೇಳಿದರೆ ನಾನು ಮಾಮೂಲಿ ವ್ಯಾನ್‌ನಲ್ಲೇ ಇಡೀ ದೇಶ ಸುತ್ತಿದ್ದೇನೆ ಹೋಗಯ್ಯ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ತೊಂದರೆ. ನಾನು ಒಂದೇ ರಸ್ತೆಗೆ ಬೇರೆ ಬೇರೆ ರೀತಿಯಲ್ಲಿ ಹೋಗಿ ನೋಡಿದ್ದೇನೆ. ನಮ್ಮ ಸ್ವಂತ ಹದಿನೆಂಟು ಅಡಿಯ ಮಾಮೂಲಿ ಕ್ಯಾರವಾನ್ ಎಳೆದುಕೊಂಡು, ಬಾಡಿಗೆಗೆ ತಂದ ಆಫ್‌ರೋಡ್ ಕ್ಯಾರವಾನ್ ಎಳೆದುಕೊಂಡು, ಆಮೇಲೆ ಕ್ಯಾರವಾನನ್ನು ಆ ರಸ್ತೆ ಶುರುವಾಗುವ ಊರಿನಲ್ಲಿ ಬಿಟ್ಟು ಟೆಂಟ್ ಹಾಕಿಕೊಂಡು. ಕಾರು ಮೂರು ಸಲವೂ ಅದೇ, ನಮ್ಮ ಹಳೇ ಟೊಯೋಟಾ ಪ್ರಾಡೊ.

ರಸ್ತೆ ಊಡ್ನಡಾಟ ಟ್ರ್ಯಾಕ್. ಸೌತ್ ಆಸ್ಟ್ರೇಲಿಯಾದ ಮರ್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್, ಮಧ್ಯೆ ವಿಲಿಯಂ ಕ್ರೀಕ್ ಮತ್ತು ಊಡ್ನಡಾಟ ಬಿಟ್ಟರೆ ಊರು ಅನ್ನುವಂಥದ್ದು ಇಲ್ಲ. 1980ರಲ್ಲಿ ನಿಂತುಹೋದ ಹಳೆಯ ಘಾನ್ ರೈಲು ಮಾರ್ಗದ ಪಕ್ಕದಲ್ಲೇ ಹೋಗುತ್ತದೆ. ರೈಲು ಬರುವ ಮೊದಲು ಈ ಕಡೆಗೆಲ್ಲ ಸಾಮಾನು ಹೊತ್ತಿದ್ದು ಒಂಟೆಗಳು. ಆ ಒಂಟೆಯವರನ್ನು ಇಲ್ಲಿ ಒಟ್ಟಾಗಿ "ಅಫ್ಘನ್ನರು" ಅಂತ ಕರೆದರೂ ಅವರಲ್ಲಿ ಎಷ್ಟೋ ಜನ ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಯವರು, ಅಂದರೆ ಆಗಿನ ನಮ್ಮ ಹಿಂದೂಸ್ತಾನದವರೇ. ಅವರು ಕಟ್ಟಿದ್ದ ಮಣ್ಣಿನ ಮಸೀದಿಯ ಮರುರೂಪ ಮರ್ರೀಯಲ್ಲಿದೆ, ಹೋದರೆ ನೋಡಿ.

ಈ ರಸ್ತೆ ಕಷ್ಟದ್ದೇನಲ್ಲ. ರಸ್ತೆ ಮಟ್ಟ ಮಾಡುವ ಗ್ರೇಡರ್ ಯಂತ್ರ ಓಡಿಸಿದ ವಾರದಲ್ಲಿ ಹೋದರೆ ಸಣ್ಣ ಕಾರೂ ಹೋಗುತ್ತದೆ. ಆದರೆ ಗ್ರೇಡರ್ ಹೋಗಿ ತಿಂಗಳಾದ ಮೇಲೆ ಅಡ್ಡಡ್ಡಕ್ಕೆ ಅಲೆ ಎದ್ದು ತಗಡಿನ ಶೀಟ್ ಹಾಸಿದ ಹಾಗೆ ಆಗಿರುತ್ತದೆ. ಇದನ್ನು ಇಲ್ಲಿ ಕಾರುಗೇಷನ್ ಅನ್ನುತ್ತಾರೆ. ಲಾರಿಗಳ ಭಾರಕ್ಕೆ ಆಗೋದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದುಂಡಗಿನ ಮರಳಿನ ಹಾಸಿನ ಮೇಲೆ ಬರೀ ಒಂದು ಚಕ್ರ ಓಡಿಸಿದ್ದರು. ಸ್ಪ್ರಿಂಗೇ ಇಲ್ಲದ ಚಕ್ರ. ವೇಗ ಒಂದು ಮಟ್ಟ ದಾಟಿದ ಕೂಡಲೇ ಅಲೆ ತಾನಾಗಿ ಎದ್ದಿತು. ಹಾಗಾಗಿ ರಸ್ತೆಯವರನ್ನು ಬೈದು ಪ್ರಯೋಜನ ಇಲ್ಲ, ವಾಹನ ಓಡಾಡಿದ ಮೇಲೆ ಇದು ಬಂದೇ ಬರುತ್ತದೆ.

ಮೊದಲು ಮಾಮೂಲಿ ಕ್ಯಾರವಾನ್. ನಮ್ಮದು ಎರಡು ಆಕ್ಸಲ್, ಲೀಫ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇಲ್ಲ. ಕೊಳಚೆ ನೀರಿನ ಪ್ಲಾಸ್ಟಿಕ್ ಪೈಪು ಕೆಳಗೆ ಜೋತಾಡುತ್ತದೆ, ನೀರಿನ ಟ್ಯಾಂಕಿಗೆ ಕವಚ ಇಲ್ಲ. ಹೊರಡುವ ಮೊದಲು ಟ್ಯಾಂಕಿನ ಮುಂದೆ ದಪ್ಪ ರಬ್ಬರ್ ಕಟ್ಟಿ, ಪೈಪು ಎತ್ತಿ ಬಿಗಿದು, ಮುಂದಿನ ಕಂಬಿಗೆ ಕಲ್ಲು ತಡೆಯುವ ಜಾಲರಿ ಹಾಕಿಸಿದ್ದೆ. ಈ ಜಾಲರಿ ಮಾತ್ರ ದಯವಿಟ್ಟು ಬಿಡಬೇಡಿ. ಕಾರಿನ ಹಿಂದಿನ ಚಕ್ರ ಎಸೆದ ಕಲ್ಲು ಕ್ಯಾರವಾನ್ ಮುಖಕ್ಕೆ ಬಡಿದು ವಾಪಸ್ ಹಾರಿ ಬಂದು ಕಾರಿನ ಹಿಂಬದಿ ಗಾಜನ್ನೇ ಪುಡಿ ಮಾಡುತ್ತದೆ. ಮಣ್ಣು ರಸ್ತೆಯಲ್ಲಿ ಗಾಜು ಒಡೆದುಕೊಂಡವರನ್ನು ಕೇಳಿ, ಬಹಳ ಜನರದ್ದು ಇದೇ ಕಥೆ. ನಾವು ಗಾಜಿನ ಮೇಲೂ ರಟ್ಟಿನ ಡಬ್ಬ ಬಿಚ್ಚಿ ಟೇಪ್ ಹಾಕಿ ಅಂಟಿಸಿದ್ದೆವು. ನೋಡೋಕೆ ಅಸಹ್ಯ, ಆದರೆ ಗಾಜು ಉಳಿಯಿತು.

ಟೈರಿನ ಗಾಳಿ ಇಳಿಸೋದು ಎರಡನೇ ಕೆಲಸ. ಡಾಂಬರಿನಲ್ಲಿ ಕಾರಿಗೆ 38, ಕ್ಯಾರವಾನ್‌ಗೆ 45 ಪಿಎಸ್‌ಐ ಇಡುತ್ತಿದ್ದವನು ಮರ್ರೀ ದಾಟಿದ ಕೂಡಲೇ 28 ಮತ್ತು 30ಕ್ಕೆ ತಂದೆ. ನಿಮ್ಮ ಟೈರು, ನಿಮ್ಮ ತೂಕಕ್ಕೆ ಲೆಕ್ಕ ಬೇರೆ ಆಗಬಹುದು. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಲೇಬೇಕು, ಇಲ್ಲದಿದ್ದರೆ ಟೈರು ಬಿಸಿಯಾಗಿ ಸಿಡಿಯುತ್ತದೆ. 80ರಲ್ಲಿ ಹೋದರೆ ಅಲೆಗಳ ತಲೆಯ ಮೇಲೆ ತೇಲಿಕೊಂಡು ಹೋಗಬಹುದು ಅನ್ನುವವರು ಇದ್ದಾರೆ. ಕಾರಿಗೆ ಅದು ಸರಿ. ಹಿಂದೆ ಎರಡು ಟನ್ ಮನೆ ಬರುತ್ತಿರುವಾಗ ನನಗಂತೂ ಧೈರ್ಯ ಬರಲಿಲ್ಲ. ಐವತ್ತು, ಕೆಲವು ಕಡೆ ಇಪ್ಪತ್ತು. ಮರ್ರೀಯಿಂದ ವಿಲಿಯಂ ಕ್ರೀಕ್ 200 ಕಿಲೋಮೀಟರ್ ಚಿಲ್ಲರೆ, ಇಡೀ ದಿನ ಹಿಡಿಯಿತು.

ಹಾಗಾದರೆ ಕ್ಯಾರವಾನ್‌ಗೆ ಏನಾಯಿತು? ಕೆಳಗಡೆ ಏನೂ ಆಗಲಿಲ್ಲ! ಆಕ್ಸಲ್ ಮುರಿಯಲಿಲ್ಲ, ಸ್ಪ್ರಿಂಗ್ ಮುರಿಯಲಿಲ್ಲ. ಬಾಗಿಲು ತೆಗೆದಾಗ ಮಾತ್ರ ಎಲ್ಲರೂ ಸುಮ್ನೆ ನಿಂತುಬಿಟ್ಟೆವು. ನೆಲದ ಮೇಲೆ ಹತ್ತು ಹನ್ನೆರಡು ಸ್ಕ್ರೂಗಳು ಬಿದ್ದಿವೆ, ಯಾವುದು ಎಲ್ಲಿಯದು ಅಂತ ಗೊತ್ತಿಲ್ಲ. ಮೈಕ್ರೋವೇವ್ ತನ್ನ ಗೂಡಿನಿಂದ ಅರ್ಧ ಹೊರಗೆ ಬಂದು ಪಟ್ಟಿಯ ಮೇಲೆ ತೂಗಾಡುತ್ತಿದೆ. ಮೇಲಿನ ಕಪಾಟಿನ ಒಂದು ಬಾಗಿಲಿನ ಕೀಲು ಕಿತ್ತು ಬಂದಿದೆ. ಫ್ರಿಜ್ ಒಳಗೆ ಮಾವಿನ ಮಿಡಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಅಲುಗಾಡಿ ಅಲುಗಾಡಿ ತಾನೇ ಬಿಚ್ಚಿಕೊಂಡು, ಅದರ ರಸ ಮೊಸರಿನ ಡಬ್ಬದಿಂದ ಹಿಡಿದು ತರಕಾರಿ ಡ್ರಾಯರ್‌ವರೆಗೂ ಇಳಿದಿದೆ. ಎಲ್ಲದರ ಮೇಲೆ ಕೆಂಪು ಧೂಳು. ಹಾಸಿಗೆ ಮೇಲೆ, ದಿಂಬಿನ ಒಳಗೆ, ಮುಚ್ಚಿದ ಚಮಚದ ಡ್ರಾಯರ್‌ನಲ್ಲಿ. ಜೊತೆಗಿದ್ದ ನಮ್ಮ ಅತ್ತೆ ಒಂದೇ ಮಾತು ಕೇಳಿದರು. "ಏನು ಅಳಿಯಂದ್ರೇ, ಇಷ್ಟು ದುಡ್ಡು ಕೊಟ್ಟು ಮಣ್ಣು ತಿನ್ನೋಕೆ ಬಂದ್ವಾ?"

ಧೂಳಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಮೂಲಿ ವ್ಯಾನ್‌ನ ದೊಡ್ಡ ಸಮಸ್ಯೆ ಮುರಿಯೋದಲ್ಲ, ಇದು. ಓಡುವಾಗ ಕ್ಯಾರವಾನ್ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ, ಎದ್ದ ಧೂಳೆಲ್ಲ ಅಲ್ಲೇ ಸುತ್ತುತ್ತಾ ಸಿಕ್ಕ ಸಂದಿಯಲ್ಲಿ ಒಳಗೆ ನುಗ್ಗುತ್ತದೆ. ಸಂದಿ ಎಲ್ಲ ಮುಚ್ಚೋಣ ಅಂದರೆ ಆಗೋದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ, ಅದಕ್ಕೇ ಬಾಗಿಲಿನ ಕೆಳಭಾಗದಲ್ಲಿ ಗಾಳಿಕಿಂಡಿ ಇಟ್ಟಿರುತ್ತಾರೆ, ಅದನ್ನು ಶಾಶ್ವತವಾಗಿ ಮುಚ್ಚುವ ಹಾಗಿಲ್ಲ. ಜನ ಮಾಡೋದು ಏನೆಂದರೆ ಓಡುವಾಗ ಮಾತ್ರ ಟೇಪ್ ಹಾಕಿ, ನಿಂತ ಕೂಡಲೇ ಕೀಳೋದು. ಸ್ಟವ್ ಹಚ್ಚುವ ಮೊದಲು ಟೇಪ್ ಕಿತ್ತಿದ್ದೀರಾ ಅಂತ ಎರಡು ಸಲ ನೋಡಿ. ಇದು ತಮಾಷೆ ವಿಷಯ ಅಲ್ಲ.

ಈಗ ಆಫ್‌ರೋಡ್ ಕ್ಯಾರವಾನ್. ಪ್ರತಿ ಚಕ್ರಕ್ಕೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್, ಒಂದೊಂದಕ್ಕೆ ಎರಡು ಶಾಕ್ ಅಬ್ಸಾರ್ಬರ್, ದೊಡ್ಡ ಬ್ರೇಕ್, ಎತ್ತರದ ನಿಲುವು. ಮಾಮೂಲಿ 50 ಮಿಲಿಮೀಟರ್ ಗುಂಡಿನ ಕೊಂಡಿ ಇಲ್ಲಿ ಇಲ್ಲ, ಹೇಗೆ ಬೇಕಾದರೂ ತಿರುಗುವ ಬೇರೆ ಥರದ ಕೊಂಡಿ ಇದೆ. ಹಳ್ಳ ಇಳಿದು ಹತ್ತುವಾಗ ಕಾರು ಒಂದು ಕಡೆ ವ್ಯಾನ್ ಇನ್ನೊಂದು ಕಡೆ ವಾಲಿದರೂ ಕೊಂಡಿ ತಿರುಚಿಕೊಳ್ಳುವುದಿಲ್ಲ. ಮೇಲೆ ಚಾವಣಿಯಲ್ಲಿ ಮುಂದಕ್ಕೆ ಬಾಯಿ ತೆರೆದ ಒಂದು ಹ್ಯಾಚ್ ಇತ್ತು. ಓಡುವಾಗ ಜಾಲರಿಯ ಮೂಲಕ ಗಾಳಿ ಒಳಗೆ ತುಂಬಿ ಒತ್ತಡ ಹೆಚ್ಚಿಸುತ್ತದೆ, ಧೂಳು ಒಳಗೆ ಬರುವ ಬದಲು ಗಾಳಿಯೇ ಸಂದಿಯಿಂದ ಹೊರಗೆ ಹೋಗುತ್ತದೆ. ಇದು ನಿಜಕ್ಕೂ ಕೆಲಸ ಮಾಡಿತು. ಹಾಸಿಗೆ ಕೊಡವದೇ ಮಲಗಿದೆವು.

ಆದರೆ ತೂಕ! ನಮ್ಮ ವ್ಯಾನ್ ಸಾಮಾನೆಲ್ಲ ಸೇರಿ ಎರಡು ಟನ್ನಿನ ಆಸುಪಾಸು. ಅದೇ ಉದ್ದದ ಇದು ನೀರು ತುಂಬಿಸಿದ ಮೇಲೆ ಮೂರು ಟನ್ನಿಗೆ ಹತ್ತಿರ. ಪ್ರಾಡೊ 3,000 ಕಿಲೋ ಎಳೆಯಬಹುದು ಅಂತ ಪುಸ್ತಕದಲ್ಲಿ ಬರೆದಿದೆ, ಅಂದರೆ ಅಂಚಿನಲ್ಲೇ ಇದ್ದೆವು. ಕೊಂಡಿಯ ಮೇಲೆ ಬೀಳುವ ಭಾರ ಸುಮಾರು ಹತ್ತನೇ ಒಂದು ಪಾಲು ಅಂತ ಲೆಕ್ಕ ಹಿಡಿದರೆ ಕಾರಿನ ಹಿಂಭಾಗಕ್ಕೇ 300 ಕಿಲೋ, ಮೇಲೆ ನಾಲ್ಕು ಜನ, ಅವರ ಲಗೇಜು. ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸದೆ ಹೊರಡಲೇಬೇಡಿ. ಅಧಿಕ ತೂಕದಲ್ಲಿ ಅಪಘಾತವಾದರೆ ಇನ್ಶೂರೆನ್ಸ್ ಕಥೆ ಏನಾಗಬಹುದು ಅಂತ ನಾನು ಹೇಳಬೇಕಾಗಿಲ್ಲ. ಡೀಸೆಲ್ ಕೂಡ ನಮ್ಮ ವ್ಯಾನ್‌ಗಿಂತ ನೂರು ಕಿಲೋಮೀಟರಿಗೆ ನಾಲ್ಕೈದು ಲೀಟರ್ ಜಾಸ್ತಿ ಕುಡಿಯಿತು, ಅದೂ ಒಂದು ಬಂಕಿನಿಂದ ಇನ್ನೊಂದಕ್ಕೆ 200 ಕಿಲೋಮೀಟರ್ ಇರುವ ಕಡೆ.

ನನಗೆ ತುಂಬಾ ಕೋಪ ಬಂದದ್ದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಗಟ್ಟಿ ಇದ್ದರೂ ಎರಡನೇ ದಿನಕ್ಕೆ ಅದರಲ್ಲೂ ಕಪಾಟಿನ ಬಾಗಿಲು ಕಿತ್ತು ಬಂತು. ಸ್ಕ್ರೂ ಬಿಚ್ಚಿ ನೋಡಿದೆ. ಮಾಮೂಲಿ ವ್ಯಾನ್‌ನಲ್ಲಿ ಇರುವಂಥದ್ದೇ ತೆಳ್ಳನೆ ಪ್ಲೈವುಡ್, ಅದೇ ಸಣ್ಣ ಸ್ಕ್ರೂ, ಅದೇ ಸ್ಟೇಪಲ್ ಪಿನ್ನು. ಅಂದರೆ ಚಾಸಿ, ಸಸ್ಪೆನ್ಷನ್‌ಗೆ ದುಡ್ಡು ಸುರಿದು ಮೇಲೆ ಅದೇ ಹಳೇ ಪೆಟ್ಟಿಗೆ ಕೂರಿಸಿದ್ದಾರೆ. ಎಲ್ಲ ಆಫ್‌ರೋಡ್ ವ್ಯಾನ್‌ಗಳೂ ಹೀಗೇ ಅನ್ನುತ್ತಿಲ್ಲ, ಒಳಗೆ ಅಲ್ಯೂಮಿನಿಯಂ ಚೌಕಟ್ಟು, ಒಂದೇ ಅಚ್ಚಿನ ಫೈಬರ್‌ಗ್ಲಾಸ್ ಗೋಡೆ ಇರುವಂಥವೂ ಸಿಗುತ್ತವೆ. ಆದರೆ ಕೊಳ್ಳಲು ಹೋದರೆ ಎಲ್ಲರೂ ಬಗ್ಗಿ ಕೆಳಗೆ ನೋಡುತ್ತಾರೆ. ನೀವು ಒಳಗೆ ಹೋಗಿ ಮೇಲಿನ ಕಪಾಟು ಹಿಡಿದು ಜೋರಾಗಿ ಎಳೆದು ನೋಡಿ, ಡ್ರಾಯರ್ ಹೊರತೆಗೆದು ಅದರ ಹಿಂದೆ ಟಾರ್ಚ್ ಬಿಡಿ. ಮಾರುವವರ ಮುಖ ಬಾಡಿದರೆ ಉತ್ತರ ಸಿಕ್ಕಿತು. ಕಾರುಗೇಷನ್‌ನಲ್ಲಿ ಸೋಲೋದು ಚಕ್ರ ಅಲ್ಲ, ಅಡುಗೆಮನೆ.

ಮಡಚುವ ಕ್ಯಾಂಪರ್ ಟ್ರೇಲರ್ ಬಗ್ಗೆಯೂ ಕೇಳುತ್ತೀರಿ. ಸ್ನೇಹಿತರ ಜೊತೆ ಹೋದಾಗ ಅವರದ್ದನ್ನು ನೋಡಿದೆ. ಹಗುರ, ಮಣ್ಣಿಗೆ ಹೇಳಿ ಮಾಡಿಸಿದ್ದು. ಗಾಳಿ ಬೀಸುವಾಗ ಗಂಡ ಹೆಂಡತಿ ಅದರ ಬಟ್ಟೆ ಬಿಡಿಸೋದನ್ನು ನೋಡಿದ ಮೇಲೆ ನನ್ನಾಕೆ ಆ ವಿಷಯ ಎತ್ತಬೇಡಿ ಅಂದಳು. ಅಲ್ಲಿಗೆ ಮುಗಿಯಿತು.

ಕೊನೆಗೆ, ಬಿಟ್ಟು ಹೋಗೋದು. ಮರ್ರೀಯ ಕ್ಯಾರವಾನ್ ಪಾರ್ಕಿನಲ್ಲಿ ಸ್ವಲ್ಪ ದುಡ್ಡು ಕೊಟ್ಟು ವ್ಯಾನ್ ನಿಲ್ಲಿಸಿ, ಕಾರಿನಲ್ಲಿ ಟೆಂಟು, ಒಂದು ಸಣ್ಣ ಫ್ರಿಜ್, ಒಲೆ, ನೀರು ಹಾಕಿಕೊಂಡು ಹೊರಟೆವು. ಮೊದಲ ಹತ್ತು ಕಿಲೋಮೀಟರಿಗೇ ಗೊತ್ತಾಯಿತು, ಇದು ಬೇರೆಯೇ ಪ್ರಯಾಣ. ಬೇಕಾದ ಕಡೆ ತಿರುಗಬಹುದು, ಹಿಂದಕ್ಕೆ ಬರಬಹುದು. ಮಾಮೂಲಿ ವ್ಯಾನ್ ಇದ್ದಾಗ ಬಬ್ಲರ್ ಬುಗ್ಗೆಗೆ ಹೋಗುವ ಕವಲು ದಾರಿ ಕಂಡು ಬೇಡಪ್ಪಾ ಅಂತ ಮುಂದೆ ಹೋಗಿದ್ದೆವು, ಈ ಸಲ ಹೋದೆವು. ಬಿಸಿಲಿನ ಬಯಲಿನ ನಡುವೆ ಮಣ್ಣಿನ ದಿಬ್ಬ, ಅದರ ನೆತ್ತಿಯಲ್ಲಿ ಬುಳುಬುಳು ಅಂತ ನೀರು, ಕೆಳಗಿನ ಮರಳು ಉಸಿರಾಡುತ್ತಿರುವಂತೆ ಏರಿ ಇಳಿಯುತ್ತದೆ. ರಾತ್ರಿ ಕೌವರ್ಡ್ ಸ್ಪ್ರಿಂಗ್ಸ್ ಅನ್ನುವ ಕ್ಯಾಂಪ್ ಜಾಗದಲ್ಲಿ ಉಳಿದೆವು. ಸೌದೆ ಉರಿಸಿ ಬಿಸಿ ನೀರು ಕಾಯಿಸಿಕೊಂಡು ಸ್ನಾನ ಮಾಡುವ ವ್ಯವಸ್ಥೆ ಇದೆ, ಊರಿನ ಹಂಡೆ ಒಲೆ ನೆನಪಿರುವವರಿಗೆ ಹೇಳಿಕೊಡಬೇಕಾಗಿಲ್ಲ.

ಇದರ ಕಷ್ಟಗಳೂ ಇವೆ. ಜುಲೈ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಅತ್ತೆಯನ್ನು ಟೆಂಟಿನಲ್ಲಿ ಮಲಗಿಸೋಕೆ ಆಗಲಿಲ್ಲ, ಆ ಸಲ ಅವರು ಬರಲೂ ಇಲ್ಲ. ನೊಣದ ಕಾಟ ಬೇರೆ. ಅದಕ್ಕಿಂತ ದೊಡ್ಡ ತಾಪತ್ರಯ ಏನೆಂದರೆ ವ್ಯಾನ್ ತಗೊಳ್ಳೋಕೆ ಮತ್ತೆ ಮರ್ರೀಗೇ ಬರಬೇಕು. ಉತ್ತರಕ್ಕೆ ಆಲಿಸ್ ಸ್ಪ್ರಿಂಗ್ಸ್ ಕಡೆ ಹೋಗುವವರಿಗೆ ಇದು ಆಗದ ಮಾತು.

ಅಂಥವರಿಗೆ ನಾನು ಈಗ ಹೇಳುವ ದಾರಿ ಬೇರೆ. ಮಾಮೂಲಿ ಕ್ಯಾರವಾನ್ ಎಳೆದುಕೊಂಡು ಪೋರ್ಟ್ ಅಗಸ್ಟಾ ಮೇಲೆ ಸ್ಟುವರ್ಟ್ ಹೈವೇ ಹಿಡಿಯಿರಿ, 1987ರಿಂದ ಪೂರ್ತಿ ಡಾಂಬರು. ಕೂಬರ್ ಪೀಡಿಯಲ್ಲಿ ವ್ಯಾನ್ ನಿಲ್ಲಿಸಿ. ಅಲ್ಲಿಂದ ವಿಲಿಯಂ ಕ್ರೀಕ್‌ಗೆ 166 ಕಿಲೋಮೀಟರ್ ಮಣ್ಣು ರಸ್ತೆ. ಕಾರು ಟೆಂಟು ಅಷ್ಟೇ ಒಯ್ದು ಬುಗ್ಗೆ, ಐರ್ ಸರೋವರದ ಅಂಚು, ಹಳೇ ರೈಲಿನ ಸ್ಟೇಷನ್ನು ಎಲ್ಲ ನೋಡಿಕೊಂಡು ಎರಡು ಮೂರು ದಿನದಲ್ಲಿ ವಾಪಸ್ ಬಂದು ವ್ಯಾನ್ ಸಿಕ್ಕಿಸಿಕೊಂಡು ಉತ್ತರಕ್ಕೆ ಹೋಗಿ. ವರ್ಷಕ್ಕೊಮ್ಮೆ ಮಣ್ಣಿಗೆ ಇಳಿಯುವ ನಮ್ಮಂಥವರು ಆಫ್‌ರೋಡ್ ವ್ಯಾನ್‌ಗೆ ಹತ್ತಾರು ಸಾವಿರ ಡಾಲರ್ ಜಾಸ್ತಿ ಸುರಿಯುವುದು ನನ್ನ ಪ್ರಕಾರ ದಂಡ. ವಯಸ್ಸಾದವರು ಜೊತೆಗಿದ್ದು ಟ್ರ್ಯಾಕ್ ಮೇಲೆಯೇ ಮಲಗಬೇಕು ಅಂದರೆ ಆಫ್‌ರೋಡ್ ವ್ಯಾನ್ ಬಾಡಿಗೆಗೆ ತನ್ನಿ, ಆದರೆ ನಿಮ್ಮ ಕಾರಿಗೆ ಆ ತೂಕ ಆಗುತ್ತದಾ ನೋಡಿ. ಇಲ್ಲ, ನಮ್ಮ ಮಾಮೂಲಿ ವ್ಯಾನನ್ನೇ ಎಳೆಯುತ್ತೇನೆ ಅಂತ ಹಟ ಇದ್ದರೆ ಎಳೆಯಿರಿ, ಹೋಗುತ್ತದೆ. ಮೊದಲು ವಾರಂಟಿ ಮತ್ತು ಇನ್ಶೂರೆನ್ಸ್ ಕಾಗದದಲ್ಲಿ ಡಾಂಬರಿಲ್ಲದ ರಸ್ತೆಯ ಬಗ್ಗೆ ಏನು ಬರೆದಿದೆ ಓದಿ, ಸ್ಕ್ರೂಡ್ರೈವರ್ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ.

ಯಾವುದರಲ್ಲಿ ಹೋದರೂ ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯಾ ಅಂತ ನೋಡಿ. ಒಂದು ಮಳೆ ಬಿದ್ದರೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಯಲ್ಲಿ ಹೋದರೆ ದಂಡ ಹಾಕುತ್ತಾರೆ. ಟ್ರ್ಯಾಕ್ ಶುರುವಾಗುವ ಕಡೆ ದೊಡ್ಡ ಬೋರ್ಡ್ ಇರುತ್ತದೆ. ವಾಹನದಿಂದ ವಾಹನಕ್ಕೆ ಮಾತಾಡುವ ಯುಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 40ರಲ್ಲಿ ಇಡಿ, ಎದುರಿಗೆ ಬರುವ ರೋಡ್‌ಟ್ರೇನ್ (ಸಾಲಾಗಿ ಟ್ರೇಲರ್ ಎಳೆಯುವ ದೊಡ್ಡ ಲಾರಿ) ಡ್ರೈವರ್‌ಗಳು ಅಲ್ಲೇ ಮಾತಾಡುತ್ತಾರೆ. ಅವರು ಬಂದರೆ ಪಕ್ಕಕ್ಕೆ ಸರಿದು ನಿಂತುಬಿಡಿ, ಅವರು ದಾಟಿ ಹೋದ ಮೇಲೂ ಧೂಳು ಇಳಿಯುವವರೆಗೆ ಹೊರಡಬೇಡಿ, ಹಿಂದೆ ಇನ್ನೊಂದು ಇರಬಹುದು.