ಲ್ಯೂಪ್ರೊಲೈಡ್ ಇಂಜೆಕ್ಷನ್: ಬೇನೆ ಹೋಯಿತು, ಸೆಕೆ ಬಂತು

ಎಂಡೋಮೆಟ್ರಿಯೋಸಿಸ್‌ಗೆ, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆದು ಬೇನೆ ಕೊಡುವ ಕಾಯಿಲೆಗೆ, ತಿಂಗಳಿಗೊಂದರಂತೆ ಕೊಡುವ 3.75 ಮಿಲಿಗ್ರಾಂ ಇಂಜೆಕ್ಷನ್ ಇದು. ಆರು ತಿಂಗಳ ಕೋರ್ಸ್ ಮುಗಿಸಿದ್ದೇನೆ. ಮದ್ದಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಅದನ್ನು ಕೊಟ್ಟ ಆಸ್ಪತ್ರೆಗೆ ಎರಡು ಕೊಟ್ಟರೂ ಜಾಸ್ತಿಯೇ.

ನಾನಿರುವುದು ಕಾಸರಗೋಡಿನ ಬದಿಯಡ್ಕದಲ್ಲಿ, ಚಿಕಿತ್ಸೆ ಮಂಗಳೂರಿನಲ್ಲಿ. ನರ್ಸ್ ಬಿಳಿ ಪುಡಿಗೆ ದ್ರವ ಸೇರಿಸಿ ಕುಲುಕುತ್ತಾರೆ. ಹಾಲಿನ ಬಣ್ಣ ಬಂದ ಕೂಡಲೇ ಕುಂಡೆಗೆ ಚುಚ್ಚುತ್ತಾರೆ. ಆ ಹೊತ್ತಿಗೆ ಏನೂ ಅನಿಸುವುದಿಲ್ಲ. ವಾಪಸ್ ಬರುವಾಗ ಬಸ್ಸು ತಲಪಾಡಿ ದಾಟುವವರೆಗೂ ಒಂದೇ ಬದಿಗೆ ಒರಗಿ ಕೂತಿದ್ದೆ.

ಆಮೇಲೆ ಹೊಟ್ಟೆಬೇನೆ ಮೊದಲಿಗಿಂತ ಜಾಸ್ತಿಯಾಯಿತು. ಫೋನ್ ಮಾಡಿದರೆ ಆಸ್ಪತ್ರೆಯವರು "ಮುಂದಿನ ಸಲ ಬಂದಾಗ ಹೇಳಿ" ಅಂದುಬಿಟ್ಟರು. ಡಬ್ಬಿಯಲ್ಲಿದ್ದ ಚೀಟಿ ಓದಿದಾಗಲೇ ಗೊತ್ತಾದದ್ದು: ಈ ಮದ್ದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಇಳಿಸುವ ಮೊದಲು ಒಂದೆರಡು ವಾರ ಏರಿಸುತ್ತದಂತೆ. ಇಷ್ಟು ಹೇಳಲು ಡಾಕ್ಟರಿಗೆ ಅರ್ಧ ನಿಮಿಷ ಸಾಕಿತ್ತು, ಅಲ್ವಾ?

ಎರಡನೇ ತಿಂಗಳಿಂದ ಮುಟ್ಟು ನಿಂತಿತು, ಬೇನೆಯೂ ಇಳಿಯಿತು. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೆಲಸ ಮಾಡುವವಳು ನಾನು. ಡ್ರಾಯರಿನಲ್ಲಿದ್ದ ಬಿಸಿನೀರಿನ ಚೀಲ ಮನೆಗೆ ಹೋಯಿತು.

ಆದರೆ ಆ ಸೆಕೆ! ನಮ್ಮೂರಿನ ಮಾರ್ಚ್ ತಿಂಗಳ ಸೆಕೆ ಬೇರೆ, ಇದು ಬೇರೆ. ಎದೆಯಿಂದ ಶುರುವಾಗಿ ಕುತ್ತಿಗೆ, ಕಿವಿಯವರೆಗೆ ಬಿಸಿ ಏರುತ್ತದೆ. ನೋಟು ಎಣಿಸುವಾಗ ಬೆವರು ಹನಿಯುತ್ತದೆ. ಐದು ನಿಮಿಷದಲ್ಲಿ ಎಲ್ಲ ಆರಿ ಚಳಿ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಅತ್ತೆ ನೋಡಿ ನಕ್ಕರು: "ನನಗೆ ಐವತ್ತಕ್ಕೆ ಬಂದದ್ದು ನಿನಗೆ ಈಗಲೇ ಬಂತಲ್ಲಾ ಮಗಳೇ!" ಅವರು ಹೇಳಿದ್ದು ಸರಿಯೇ. ಮುಟ್ಟು ನಿಲ್ಲುವ ವಯಸ್ಸಿನ ಸ್ಥಿತಿಯನ್ನೇ ಈ ಮದ್ದು ಕೆಲವು ತಿಂಗಳ ಮಟ್ಟಿಗೆ ತರುತ್ತದೆ.

ಮೂಳೆ ಸವೆಯುವ ಭಯವೂ ಇದೆ. ಅದಕ್ಕೇ ಜೊತೆಗೆ ನೊರೆಥಿಸ್ಟೆರೋನ್ ಎಂಬ ಹಾರ್ಮೋನ್ ಮಾತ್ರೆ ಕೊಡುವುದುಂಟು. ಸೆಕೆಯೂ ಇಳಿಯುತ್ತದೆ, ಮೂಳೆಗೂ ರಕ್ಷಣೆ. ನಾನಾಗಿ ಕೇಳುವವರೆಗೆ ನನಗೆ ಅದನ್ನು ಯಾರೂ ಬರೆದುಕೊಡಲಿಲ್ಲ. ನೀವು ಮೊದಲ ದಿನವೇ ಕೇಳಿ, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆಯೂ ಕೇಳಿ. ಇನ್ನೊಂದು ವಿಷಯ, ಮುಟ್ಟು ನಿಂತಿದೆ ಎಂದು ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ. ಕಾಂಡೋಮ್ ಬೇಕೇ ಬೇಕು.

ಇಂಜೆಕ್ಷನ್ ನಿಂತ ಮೇಲೆ ಮುಟ್ಟು ವಾಪಸ್ ಬಂತು, ಸಣ್ಣಗೆ ಬೇನೆಯೂ ಬಂತು. ಇದು ಕಾಯಿಲೆಯನ್ನು ಬುಡಸಮೇತ ಕೀಳುವ ಮದ್ದಲ್ಲ. ಈಗ ದಿನಕ್ಕೊಂದು 2 ಮಿಲಿಗ್ರಾಂ ಡೈನೊಜೆಸ್ಟ್ ಮಾತ್ರೆ (ಇದೇ ಕಾಯಿಲೆಗೆ ಕೊಡುವ ಹಾರ್ಮೋನ್ ಮಾತ್ರೆ) ನಡೆಯುತ್ತಿದೆ. ಮುಂದೆ ಇಂಜೆಕ್ಷನ್ ಬೇಕಾದರೆ ಬೇಡ ಅನ್ನುವುದಿಲ್ಲ. ಮಳೆಗಾಲದಲ್ಲಿ ಶುರು ಮಾಡಿ ಅನ್ನುತ್ತೇನೆ, ಅಷ್ಟೇ.