ಹತ್ತು ಹೇಳಿಕೆಗಳ ಪ್ರಶ್ನಾವಳಿ: ಲೆಕ್ಕಕ್ಕಿಲ್ಲದ ಪರೀಕ್ಷೆಯಲ್ಲಿ ಶ್ರಮವನ್ನು ಅಳೆಯುವ ಸಾಧನ

ತೇರ್ಗಡೆಗಾಗಲಿ ದರ್ಜೆಗಾಗಲಿ ಲೆಕ್ಕಕ್ಕೆ ಬಾರದ ಪರೀಕ್ಷೆಯಲ್ಲಿ ವಿದ್ಯಾರ್ಥಿ ಕಡಿಮೆ ಅಂಕ ಪಡೆದರೆ ಅದು ಕಲಿಕೆಯ ಕೊರತೆಯೋ, ಮನಸ್ಸಿಟ್ಟು ಬರೆಯದಿದ್ದುದರ ಫಲವೋ ಎಂಬುದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ಇದನ್ನು ತಿಳಿಯಲೆಂದೇ ಅಮೆರಿಕದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಡೊನ್ನಾ ಸಂಡ್ರೆ ರೂಪಿಸಿದ ‘ಸ್ಟೂಡೆಂಟ್ ಒಪಿನಿಯನ್ ಸ್ಕೇಲ್’ ಎಂಬ ಪ್ರಶ್ನಾವಳಿಯನ್ನು ನಾನು ಎರಡು ತಂಡಗಳಿಗೆ ಕೊಟ್ಟು ನೋಡಿದ್ದೇನೆ.

ಪರೀಕ್ಷೆ ಮುಗಿದ ಕೂಡಲೇ ಕೊಡುವ ಈ ಪ್ರಶ್ನಾವಳಿಯಲ್ಲಿ ಹತ್ತು ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ (ಒಪ್ಪುವುದೇ ಇಲ್ಲ) 5ರವರೆಗೆ (ಪೂರ್ತಿ ಒಪ್ಪುತ್ತೇನೆ) ಗುರುತು ಹಾಕಬೇಕು. ಐದು ಹೇಳಿಕೆಗಳು ಪರೀಕ್ಷೆ ತನಗೆ ಎಷ್ಟು ಮುಖ್ಯವಾಗಿತ್ತು ಎಂಬುದನ್ನೂ ಉಳಿದ ಐದು ಎಷ್ಟು ಶ್ರಮ ಹಾಕಿದೆ ಎಂಬುದನ್ನೂ ಕುರಿತವು. ಎರಡನ್ನೂ ಬೇರೆಬೇರೆಯಾಗಿ ಕೂಡುವುದೇ ಇದರ ದೊಡ್ಡ ಗುಣ. ಪರೀಕ್ಷೆ ತಮಗೆ ಮುಖ್ಯವಲ್ಲವೆಂದು ಒಪ್ಪಿಕೊಂಡೂ ಕೊನೆಯ ಪ್ರಶ್ನೆಯವರೆಗೆ ಶ್ರದ್ಧೆಯಿಂದ ಬರೆದವರು ನನ್ನ ತಂಡಗಳಲ್ಲಿದ್ದರು. ಎರಡನ್ನೂ ಬೆರೆಸಿದ್ದರೆ ಅವರಿಗೆ ಅನ್ಯಾಯವಾಗುತ್ತಿತ್ತು.

ತೊಡಕಿರುವುದು ಅಂಕ ಕೂಡುವಲ್ಲಿ. ‘ಇನ್ನೂ ಹೆಚ್ಚು ಶ್ರಮ ಹಾಕಬಹುದಿತ್ತು’ ಎಂಬಂತಹ ನಾಲ್ಕು ಹೇಳಿಕೆಗಳ ಅಂಕವನ್ನು ತಿರುಗಿಸಿ ಎಣಿಸಬೇಕು, 5 ಇದ್ದರೆ 1 ಎಂದು. ಒಬ್ಬ ವಿದ್ಯಾರ್ಥಿ ಒಂದನ್ನೂ ಓದದೆ ಮೇಲಿನಿಂದ ಕೆಳಗಿನವರೆಗೆ 5ರ ಸಾಲಿನಲ್ಲೇ ಗುರುತು ಹಾಕುತ್ತಾ ಹೋಗಿದ್ದ. ತಿರುಗಿಸಿ ಕೂಡಿದಾಗ ಅವನಿಗೆ ಎರಡು ಭಾಗಗಳಲ್ಲೂ 25ಕ್ಕೆ 17 ಬಂತು. ಅಂದರೆ, ಪಟ್ಟಿಯಲ್ಲಿ ಆತ ಸಾಕಷ್ಟು ಶ್ರಮ ಹಾಕಿದವನಂತೆಯೇ ಕಾಣುತ್ತಾನೆ. ಆದ್ದರಿಂದ ಮೊತ್ತ ಹಾಕುವ ಮೊದಲು ಒಂದೊಂದು ಹಾಳೆಯನ್ನೂ ಕಣ್ಣಿಟ್ಟು ನೋಡಲೇಬೇಕು.

ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುವವರಿಗೆ ಇನ್ನೊಂದು ದಾರಿಯಿದೆ. ಸಂಶೋಧಕರಾದ ಸ್ಟೀವನ್ ವೈಸ್ ಮತ್ತು ಕಾಂಗ್ 2005ರಲ್ಲಿ ಮುಂದಿಟ್ಟ ವಿಧಾನವು, ಪ್ರಶ್ನೆಯನ್ನು ಓದುವುದಕ್ಕೂ ಸಾಲದಷ್ಟು ಬೇಗ ಒತ್ತಿದ ಉತ್ತರಗಳನ್ನು ಬರೀ ಊಹೆಯೆಂದು ಬದಿಗಿಟ್ಟು, ಉಳಿದವುಗಳ ಪ್ರಮಾಣವನ್ನೇ ಶ್ರಮದ ಅಳತೆಯಾಗಿ ತೆಗೆದುಕೊಳ್ಳುತ್ತದೆ. ಶಿಕ್ಷಕರ ಮನಸ್ಸಿಗೆ ಹಿತವಾಗಲೆಂದು ಹೇಳುವ ಸುಳ್ಳಿಗೆ ಇಲ್ಲಿ ಎಡೆಯಿಲ್ಲ. ಆದರೆ ಪರದೆಯನ್ನು ನೋಡುತ್ತಾ ಸುಮ್ಮನೆ ಕುಳಿತು ಆಮೇಲೆ ಯಾವುದೋ ಒಂದನ್ನು ಒತ್ತುವವನು ಗಡಿಯಾರದ ಲೆಕ್ಕದಲ್ಲಿ ಶ್ರಮಪಟ್ಟವನೇ ಆಗಿಬಿಡುತ್ತಾನೆ. ಹಾಗಾಗಿ ಅನುಕೂಲವಿದ್ದವರು ಎರಡನ್ನೂ ಜೊತೆಯಲ್ಲಿಟ್ಟು ನೋಡುವುದು ಮೇಲು.

ಶ್ರಮ ಹಾಕದವರ ಅಂಕಗಳನ್ನು ತೆಗೆದುಹಾಕಿ ಸರಾಸರಿ ನೋಡುವ ರೂಢಿಯೂ ಇದೆ. ಓದಿನಲ್ಲಿ ಹಿಂದಿರುವವರೇ ಹೆಚ್ಚಾಗಿ ಕೈಚೆಲ್ಲಿದ್ದರೆ ಉಳಿದವರ ಸರಾಸರಿ ಸುಮ್ಮನೆ ಮೇಲೇರುತ್ತದೆಯಾದ್ದರಿಂದ, ಕೈಚೆಲ್ಲಿದವರ ಹಿಂದಿನ ಅಂಕಗಳನ್ನು ಪರಿಶೀಲಿಸದೆ ಹಾಗೆ ಮಾಡಬಾರದು.

ಕಾಗದದ ಮೇಲೆ ಪರೀಕ್ಷೆ ನಡೆಸುವ ನನ್ನಂಥವರಿಗೆ ಈ ಹತ್ತು ಹೇಳಿಕೆಗಳೇ ಆಧಾರ. ಮುಂದಿನ ತಂಡಕ್ಕೂ ಇದನ್ನೇ ಕೊಡುತ್ತೇನೆ, ಆದರೆ ಹೆಸರಿನ ಬದಲು ಸಂಖ್ಯೆಯನ್ನಷ್ಟೇ ಬರೆಸಿ, ಹಾಳೆಗಳನ್ನು ಅವರಿಗೆ ಪಾಠ ಮಾಡದ ಬೇರೊಬ್ಬರಿಂದ ಸಂಗ್ರಹಿಸುತ್ತೇನೆ.