ಚಳಿಯ ವರ್ಷದ ಶಿನೋನ್: ಜಲ್ಲಿ ನೆಲದ್ದೋ, ಸುಣ್ಣಕಲ್ಲಿನ ಇಳಿಜಾರಿನದೋ?

ಫ್ರಾನ್ಸಿನ ಲ್ವಾರ್ ಕಣಿವೆಯ ಶಿನೋನ್‌ನಲ್ಲಿ ಕೆಂಪು ವೈನ್ ಅಂದರೆ ಕ್ಯಾಬರ್ನೆ ಫ್ರಾಂ ದ್ರಾಕ್ಷಿಯದು. ಕ್ಯಾಬರ್ನೆ ಸೋವಿನ್ಯೋಂ ಬೆರೆಸಿದರೂ ನೂರಕ್ಕೆ ಹತ್ತು ಪಾಲು ಮೀರುವಂತಿಲ್ಲ. ಹೋಲಿಕೆಗೆ ತೆಗೆದುಕೊಂಡದ್ದು ಮೂರು ಬಾಟಲಿ (ಇಸವಿ ಎಂದರೆ ದ್ರಾಕ್ಷಿ ಕೊಯ್ದ ವರ್ಷ): ವಿಯೆನ್ ನದಿಯಂಚಿನ ಮರಳು-ಜಲ್ಲಿ ನೆಲದ 2021, ತುಫೋ ಎಂಬ ಮೆದು ಸುಣ್ಣಕಲ್ಲಿನ ಇಳಿಜಾರಿನ 2021, ಮತ್ತು ಅದೇ ಜಲ್ಲಿ ನೆಲದ 2020. ಒಂದಕ್ಕೂ ಹೊಸ ಓಕ್ ಪೀಪಾಯಿಯ ವಾಸನೆ ಇಲ್ಲದ್ದರಿಂದ ನೆಲದ ಗುಣ ಮರೆಯಾಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಅಲ್ಲಿ ಚಿಗುರು ಸುಡುವಂಥ ಹಿಮ ಬಿತ್ತು. ಬೇಸಿಗೆಯೂ ತಂಪು, ಮಳೆ, ಬೂಜುರೋಗ. ಈ ದ್ರಾಕ್ಷಿಯ ಕಾಯಿಯಲ್ಲಿ ಪೈರಜೀನ್ ಎಂಬ ಅಂಶವಿರುತ್ತದೆ. ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಬರುವುದು ಅದರಿಂದಲೇ. ಗೊಂಚಲಿಗೆ ಬಿಸಿಲು ತಾಗಿ ಹಣ್ಣು ಮಾಗುತ್ತಾ ಹೋದಂತೆ ಅದು ಇಳಿಯುತ್ತದೆ. ತಂಪು ವರ್ಷದಲ್ಲಿ ಇಳಿಯುವಷ್ಟರಲ್ಲೇ ಕೊಯ್ಲು ಬಂದುಬಿಡುತ್ತದೆ. ಗೊಂಚಲಿನ ಸುತ್ತಲ ಎಲೆಯನ್ನು ಕಾಯಿ ಸಣ್ಣದಿರುವಾಗಲೇ ಕಿತ್ತರೆ ಉಪಯೋಗ. ತಡವಾಗಿ ಕಿತ್ತರೆ ಲಾಭ ಕಡಿಮೆ.

ಜಲ್ಲಿಯ 2021: ತೆಳು ಮಾಣಿಕ್ಯದ ಬಣ್ಣ, ರಾಸ್ಪ್‌ಬೆರಿ, ಅದರ ಹಿಂದೆಯೇ ಹಸಿ ಮೆಣಸಿನಕಾಯಿ. ಹುಳಿ ಚುರುಕು, ಒಗರು ಕಡಿಮೆ. ತೆರೆದ ಗಳಿಗೆಯಲ್ಲೇ ಕುಡಿಯಲು ಸಿದ್ಧ, ಆದರೆ ನಾಲಗೆಯ ಮೇಲೆ ಬೇಗ ಮುಗಿದುಹೋಗುತ್ತದೆ.

ಸುಣ್ಣಕಲ್ಲಿನದು ಬೇರೆಯೇ. ಮೊದಲ ಅರ್ಧ ಗಂಟೆ ಮೂಗಿಗೆ ಏನೂ ಸಿಗುವುದಿಲ್ಲ, ಒಗರು ಒಸಡಿಗೆ ಅಂಟುತ್ತದೆ. ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದು ಗಂಟೆ ಬಿಟ್ಟರೆ ನೇರಳೆ ಹೂ, ಕಪ್ಪು ಚೆರಿ, ಸೀಮೆಸುಣ್ಣದಂಥ ಒಣ ಸ್ಪರ್ಶ. ಹಸಿರು ವಾಸನೆ ಒಣಸೊಪ್ಪಿನಷ್ಟೇ. ಕಾರಣ ಸರಳ: ತಂಪುಗಾಳಿ ಭಾರ, ಅದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಹಿಮದ ಹೊಡೆತ ಬಯಲಿಗೆ ಹೆಚ್ಚು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೆಟ್ಟಗೆ ಬೀಳುತ್ತದೆ. ಜಲ್ಲಿ ಬೇಗ ಕಾಯುತ್ತದೆ ನಿಜ, ಆದರೆ ಮೋಡವೇ ಕವಿದಿದ್ದರೆ ಕಾಯುವುದಾದರೂ ಯಾವುದರಿಂದ?

2020 ಬಿಸಿ, ಒಣ ವರ್ಷ. ವೈನ್ ಬಾಯಿಗೆ ಮೆತ್ತಗಿದೆ, ಹಣ್ಣು ಧಾರಾಳ, ಹಸಿರು ಸುಳಿವೇ ಇಲ್ಲ. ಎಲ್ಲರಿಗೂ ಹಿಡಿಸುವಂಥದ್ದು, ಆದರೆ ಯಾವ ನೆಲದ್ದೆಂದು ಕಣ್ಣು ಮುಚ್ಚಿ ಹೇಳುವುದು ಕಷ್ಟ. ಬಿಸಿಲಿನ ವರ್ಷದಲ್ಲಿ ಇಳಿಜಾರಿಗೆಂದು ಹೆಚ್ಚು ದುಡ್ಡು ಕೊಡುವ ತುರ್ತಿಲ್ಲ. ಚಳಿಯ ವರ್ಷದಲ್ಲಿ ಕೊಡಲೇಬೇಕು. 2021ರಲ್ಲಿ ನಮ್ಮ ಆಯ್ಕೆ ಸುಣ್ಣಕಲ್ಲಿನದೇ.

ಕುಡಿಯುವ ಬಿಸಿ ಮುಖ್ಯ: ಜಲ್ಲಿಯದು 13-14 ಡಿಗ್ರಿ, ಸುಣ್ಣಕಲ್ಲಿನದು 16. ಬೆಂಗಳೂರಿನ ಬೇಸಿಗೆಯ ಕೋಣೆಯಲ್ಲಿಟ್ಟದ್ದನ್ನು ಹಾಗೇ ಸುರಿದರೆ ಮದ್ಯಸಾರವೇ ಮೂಗಿಗೆ ಬಡಿಯುತ್ತದೆ. ನೀರು ಮತ್ತು ಐಸ್ ಸಮ ಹಾಕಿದ ಬಕೆಟ್ಟಿನಲ್ಲಿ ಹತ್ತು-ಹನ್ನೆರಡು ನಿಮಿಷ ಇಡಿ. ಬರೀ ಐಸ್ ತುಂಬಿದರೆ ಗಾಜಿಗೆ ಸರಿಯಾಗಿ ತಾಗದೆ ತಡವಾಗುತ್ತದೆ. ಅತಿಯಾಗಿ ತಣ್ಣಗಾದರೆ ಒಗರು ಕಹಿಯಾಗುತ್ತದೆ, ಸುಣ್ಣಕಲ್ಲಿನದರಲ್ಲಂತೂ ಇನ್ನೂ ಜಾಸ್ತಿ.

ಊಟಕ್ಕೆ, ಕಾಯಿತುರಿ ಹಾಕಿದ ದೊಣ್ಣೆ ಮೆಣಸಿನಕಾಯಿ ಪಲ್ಯದ ಜೊತೆ ಜಲ್ಲಿಯದು ಚೆನ್ನ, ವಾಸನೆಗೆ ವಾಸನೆ ಕೂಡುತ್ತದೆ. ಸುಣ್ಣಕಲ್ಲಿನದಕ್ಕೆ ಕಾಳುಮೆಣಸಿನ ಮಟನ್ ಸರಿ, ಆದರೆ ಬ್ಯಾಡಗಿ-ಗುಂಟೂರು ಖಾರ ಬೇಡ. ಖಾರ ಏರಿದಷ್ಟೂ ಒಗರು ಒರಟಾಗುತ್ತದೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಸುಣ್ಣಕಲ್ಲಿನದು ಮರುದಿನ ಇನ್ನೂ ಚೆನ್ನಾಗಿರುತ್ತದೆ, ಜಲ್ಲಿಯದರಲ್ಲಿ ಹುಳಿ ಮಾತ್ರ ಉಳಿದಿರುತ್ತದೆ.